ಹರಿಹರಣ್ಣನ ಮಳೆ ರಜೆ

ಬಹರೈನಿನ ಸಲ್ಮಾಬಾದಿನ ಆ ಏಸಿ ಕಂಪನಿಯಲ್ಲಿ ಎಲ್ಲಕ್ಕಿಂತ ತಣ್ಣಗಿನ ಕೋಣೆ ನವನೀತನದು. ಇದಕ್ಕೆ ಅವನ ಯೋಗ್ಯತೆ ಕಾರಣವಲ್ಲ. ಕಂಪನಿಯ ಸರ್ವರ್ ಅದೇ ಕೋಣೆಯಲ್ಲಿತ್ತು, ಅದಕ್ಕೆ ಸೆಕೆ ಆಗಬಾರದಿತ್ತು. ಯಂತ್ರಕ್ಕೆಂದು ಬಿಟ್ಟ ತಂಪನ್ನು ಪಕ್ಕದಲ್ಲಿ ಕೂತು ಪುಕ್ಕಟೆ ಅನುಭವಿಸುವ ಭಾಗ್ಯ ಇವನ ಪಾಲಿಗೆ ಬಂದಿತ್ತು, ಅಷ್ಟೆ. ಕಾರ್ಕಳದಲ್ಲಿ ಬಿ.ಕಾಂ. ಮುಗಿಸಿ ಬಹರೈನಿಗೆ ಬಂದು ಮೂರು ವರ್ಷವಾಗಿತ್ತು. ಕಾರ್ಡಿನಲ್ಲಿ ‘ಸರ್ವಿಸ್ ಕೋಆರ್ಡಿನೇಟರ್’ ಎಂದಿತ್ತು. ಕೆಲಸವೆಂದರೆ ಏಸಿ ಕೆಟ್ಟವರ ಬೈಗುಳವನ್ನು ಫೋನಿನಲ್ಲಿ ಕೇಳುವುದು, ‘ಆದಷ್ಟು ಬೇಗ ಕಳಿಸುತ್ತೇವೆ’ ಎಂಬ ಒಂದೇ ವಾಕ್ಯವನ್ನು ನಾಲ್ಕು ಭಾಷೆಗಳಲ್ಲಿ ಹೇಳುವುದು, ಆಮೇಲೆ ಬಿಸಿಲಿಗೆ ಬೇರೆಯವರನ್ನು ಅಟ್ಟುವುದು. ಮಗ ಅಲ್ಲಿ ಮ್ಯಾನೇಜರ್ ಎಂದು ಅಮ್ಮ ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅವನು ತಿದ್ದಲು ಹೋಗಿರಲಿಲ್ಲ.

ಹಾಗೆ ಬಿಸಿಲಿಗೆ ಹೋಗುವವರಲ್ಲಿ ಹಿರಿಯರು ಹರಿಹರಣ್ಣ.

ಹೆಜಮಾಡಿಯವರು, ವಯಸ್ಸು ಐವತ್ತೆರಡು. ಇಪ್ಪತ್ತೇಳು ವರ್ಷದ ಹಿಂದೆ ಕಿಟಕಿ ಏಸಿಗಳನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತಿಸುವ ಹೆಲ್ಪರ್ ಆಗಿ ಬಂದವರು, ಈಗ ತಾಮ್ರದ ಪೈಪಿಗೆ ಕಿವಿಗೊಟ್ಟು ‘ಇಲ್ಲಿಂದ ಒಂದು ಗೇಣು ಮುಂದೆ ಗ್ಯಾಸ್ ಸೋರ್ತಾ ಉಂಟು’ ಎನ್ನುವ ಮಟ್ಟಕ್ಕೆ ಬಂದಿದ್ದರು. ಸೋಪಿನ ನೊರೆ ಹಚ್ಚಿ ನೋಡಿದರೆ ಗುಳ್ಳೆ ಅಲ್ಲೇ ಏಳುತ್ತಿತ್ತು. ಹೆಗಲ ಮೇಲೆ ಸದಾ ಬೆವರು ಒರಸುವ ಒಂದು ಬೈರಾಸು, ಕಿಸೆಯಲ್ಲಿ ಉಪ್ಪು ಹಾಕಿದ ನೆಲ್ಲಿಕಾಯಿ. ಮಾತು ಕಡಿಮೆ. ಗಿರಾಕಿಗಳು ‘ಆ ಮುದುಕನನ್ನೇ ಕಳಿಸಿ’ ಎಂದು ಹಟ ಹಿಡಿಯುತ್ತಿದ್ದರು, ಮುದುಕ ಎಂದದ್ದು ತಮಗೇ ಎಂದು ಗೊತ್ತಾಗಿಲ್ಲವೆಂಬಂತೆ ಹರಿಹರಣ್ಣ ಹೋಗಿ ಬರುತ್ತಿದ್ದರು.

ಈ ಮನುಷ್ಯ ಇಪ್ಪತ್ತೇಳು ವರ್ಷದಲ್ಲಿ ಊರಿನ ಒಂದೇ ಒಂದು ಮಳೆಗಾಲ ನೋಡಿರಲಿಲ್ಲ.

ಕಾರಣ ಸರಳ. ಏಸಿ ಕೆಲಸದವರಿಗೆ ಬೇಸಿಗೆಯಲ್ಲಿ ರಜೆ ಇಲ್ಲ. ಮೇ ತಿಂಗಳಿಂದ ಅಕ್ಟೋಬರ್ ತನಕ ಈ ಮೂವತ್ತು ಚಿಲ್ಲರೆ ದ್ವೀಪಗಳ ಸಾಲು ಒಲೆಯ ಮೇಲಿಟ್ಟ ಕಾವಲಿ. ಆಗ ರಜೆ ಕೇಳುವುದೂ ಒಂದೇ, ಕೆಲಸ ಬಿಡುವುದೂ ಒಂದೇ. ಹಾಗಾಗಿ ಅವರ ರಜೆ ಯಾವಾಗಲೂ ಡಿಸೆಂಬರ್, ಜನವರಿ. ಮದುವೆಯಾದದ್ದು ಒಂದು ಜನವರಿಯಲ್ಲಿ. ಮಗಳು ಖುಷಿ ಹುಟ್ಟಿದ್ದು ಜುಲೈಯಲ್ಲಿ, ಆ ಸುದ್ದಿ ಅವರಿಗೆ ಫೋನಿನಲ್ಲಿ ಬಂತು. ಫೋನಿನಲ್ಲಿ ಮಗುವಿನ ಅಳುವಿಗಿಂತ ಹಿಂದಿನ ಮಳೆಯ ಸದ್ದೇ ಜೋರಾಗಿತ್ತಂತೆ. ಬಹರೈನಿನಲ್ಲಿ ಚಳಿಗಾಲಕ್ಕೆ ಬೀಳುವ ಎರಡೋ ಮೂರೋ ಮಳೆ ಕೂಡ ಸರಿಯಾಗಿ ಅವರು ಊರಿಗೆ ಹೋದಾಗಲೇ ಬಂದು ಹೋಗುತ್ತಿದ್ದವು.

‘ನನ್ನ ಹೆಂಡತಿ ಹೇಳ್ತಾಳೆ, ಮಳೆಗಾಲದ ನನ್ನನ್ನು ನೀವು ನೋಡಿಯೇ ಇಲ್ಲ ಅಂತ’ ಎಂದು ಒಮ್ಮೆ ಚಾ ಕುಡಿಯುತ್ತ ಹೇಳಿದ್ದರು.

‘ಮಳೆಗಾಲದಲ್ಲಿ ಬೇರೆಯಾಗ್ತಾರಾ ಹರಿಹರಣ್ಣ?’ ನವನೀತ ಕೇಳಿದ್ದ.

‘ನನಗೆ ಹೇಗೆ ಗೊತ್ತಾಗಬೇಕು ಮಾರಾಯ್ರೆ? ನೋಡಿದ್ರೆ ಅಲ್ವಾ ಗೊತ್ತಾಗುದು?’

ಅದರ ಜೊತೆಗೆ ಒಂದು ಸೋರಿಕೆಯ ಕಥೆಯೂ ಇತ್ತು. ಹೆಜಮಾಡಿಯ ಮನೆಗೆ ತಾರಸಿ. ಮಲಗುವ ಕೋಣೆಯ ಮೂಲೆಯಲ್ಲಿ, ಕಪಾಟಿನ ಮೇಲೆ, ಹದಿನೈದು ವರ್ಷದಿಂದ ನೀರು ತೊಟ್ಟಿಕ್ಕುತ್ತಿತ್ತು. ಜೂನಿನಲ್ಲಿ ಹೆಂಡತಿ ಚಂದ್ರಾವತಿ ಫೋನ್ ಮಾಡಿ ‘ಶುರುವಾಯ್ತು’ ಎನ್ನುವುದು, ಜನವರಿಯಲ್ಲಿ ಇವರು ಹೋಗಿ ತಾರಸಿ ಹತ್ತುವುದು. ಆಗ ಮಳೆಯಿಲ್ಲ, ತಾರಸಿ ಒಣಗಿ ಹಪ್ಪಳವಾಗಿರುತ್ತಿತ್ತು. ನೀರೇ ಇಲ್ಲದ ಮೇಲೆ ಸೋರುವ ಜಾಗ ಹುಡುಕುವುದು ಎಲ್ಲಿ? ಅಂದಾಜಿನ ಮೇಲೆ ಒಂದು ಕಡೆ ಸಿಮೆಂಟಿನ ತೇಪೆ ಹಾಕಿ ಬರುವರು. ಮುಂದಿನ ಜೂನಿನಲ್ಲಿ ಮತ್ತೆ ಫೋನ್: ‘ಅದು ಅಲ್ಲಿಯೇ ಉಂಟು.’ ಬಹರೈನಿನ ಅರ್ಧ ಮನೆಗಳ ಸೋರಿಕೆ ಕಿವಿಯಿಂದಲೇ ಹುಡುಕಿದ ಮನುಷ್ಯನ ಸ್ವಂತ ತಾರಸಿಯ ಮೇಲೆ ಈಗ ಹದಿನಾಲ್ಕು ತೇಪೆಗಳಿದ್ದವು.

ಈ ವರ್ಷ ಮೇ ತಿಂಗಳಲ್ಲಿ, ಅಷ್ಟು ವರ್ಷದಲ್ಲಿ ಮೊದಲ ಸಲ, ಹರಿಹರಣ್ಣ ಬೇಸಿಗೆಯಲ್ಲಿ ರಜೆ ಕೇಳಿದರು. ಜೂನ್ ಕೊನೆಯಿಂದ ಹದಿನೈದು ದಿನ.

ಮ್ಯಾನೇಜರ್ ಫಾಝಿಲ್ ಮಂಗಳೂರಿನ ಬ್ಯಾರಿ, ಕೆಟ್ಟವರಲ್ಲ, ಆದರೆ ಬೇಸಿಗೆ ಬಂತೆಂದರೆ ಅವರ ತಲೆ ಫೋನಿಗಿಂತ ಮೊದಲು ರಿಂಗಾಗುತ್ತಿತ್ತು. ‘ಹರಿಹರಣ್ಣ, ನೀವು ಕೇಳಿದಾಗ ಇಲ್ಲ ಅನ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ. ಆದ್ರೆ ಈ ಸಲದ ಸೆಕೆ ಹೇಗೆ ಅಂತ ನೋಡ್ಬೇಕಲ್ಲ’ ಎಂದರು. ನಂತರ ನವನೀತನ ಕಡೆ ತಿರುಗಿ, ‘ನೀನು ಕಂಪ್ಯೂಟರ್ ನೋಡಿ ಒಂದು ಪುಟ ಬರಿ. ಬೇಸಿಗೆ ಮುನ್ನೋಟ. ಹೋದ ವರ್ಷದ ಹಾಗೇ ಇದ್ರೆ ಹೋಗ್ಲಿ. ಅದಕ್ಕಿಂತ ಕೆಟ್ಟದಾಗಿದ್ರೆ ಆಗುದಿಲ್ಲ.’

ಹೀಗೆ ಹರಿಹರಣ್ಣನ ಮಳೆ ನವನೀತನ ಒಂದು ಪುಟದ ಮೇಲೆ ಬಂದು ನಿಂತಿತು.

ಬಹರೈನಿನಲ್ಲಿ ಬೇಸಿಗೆಯ ಹವಾಮಾನ ಹೇಳುವುದಕ್ಕೆ ಏನು ಬೇಕು, ಬಿಸಿಲು ಎಂದರೆ ಮುಗಿಯಿತು ಎಂದೇ ಅವನು ತಿಳಿದಿದ್ದ. ಪಾಠ ಹೇಳಿದವರು ಹರಿಹರಣ್ಣನೇ. ಜೂನಿನಲ್ಲಿ ವಾಯವ್ಯದಿಂದ ‘ಬಾರಿಹ್’ ಬೀಸುತ್ತದೆ. ಧೂಳು ತರುತ್ತದೆ, ತುಟಿ ಒಡೆಸುತ್ತದೆ, ಆದರೆ ಒಣ ಗಾಳಿ. ನಲವತ್ತೈದು ಡಿಗ್ರಿ ಇದ್ದರೂ ಬೆವರು ಆರುತ್ತದೆ, ಏಸಿಗಳೂ ಹೇಗೋ ಸುಧಾರಿಸಿಕೊಳ್ಳುತ್ತವೆ. ಆಗಸ್ಟಿನ ಹೊತ್ತಿಗೆ ಆಗ್ನೇಯದಿಂದ ‘ಕೌಸ್’ ಬರುತ್ತದೆ, ಕಡಲನ್ನೇ ಹಿಂಡಿ ತಂದ ಹಾಗಿನ ಹಸಿ ಗಾಳಿ. ಆಗ ಮೂವತ್ತೆಂಟೇ ಡಿಗ್ರಿ ಇದ್ದರೂ ಊರಿನ ಏಸಿಗಳೆಲ್ಲ ಒಟ್ಟಿಗೆ ಮಲಗುತ್ತವೆ, ಡ್ರೈನ್ ಪೈಪ್ ಕಟ್ಟಿ ಗೋಡೆ ತುಂಬ ನೀರು.

‘ಒಣ ಬಿಸಿಲಿಗೆ ಮೆಷಿನ್ ಬಳಲ್ತದೆ, ಹಸಿ ಗಾಳಿಗೆ ಅಳ್ತದೆ’ ಎಂದಿದ್ದರು ಹರಿಹರಣ್ಣ. ‘ಬಳಲಿದ್ದನ್ನು ಯಾರಾದ್ರೂ ಸುಧಾರಿಸಿಯಾರು. ಅಳುವಾಗ ನಾನು ಬೇಕು. ಬಾರಿಹ್ ಇರುವಾಗ್ಲೇ ಹೋಗಿ ಬರ್ತೇನೆ ಅಂತ ಅದಕ್ಕೇ ಹೇಳಿದ್ದು.’

ನವನೀತ ಮೂರು ದಿನ ಕೂತು, ಸಿಕ್ಕಿದ ಮುನ್ಸೂಚನೆಗಳನ್ನೆಲ್ಲ ಓದಿದ. ಉಷ್ಣಾಂಶ ಹೋದ ವರ್ಷದಷ್ಟೇ. ಗಾಳಿ ಹೋದ ವರ್ಷದಷ್ಟೇ. ಖುಷಿಯಿಂದ ಬರೆದುಕೊಂಡು ಹೋದವನಿಗೆ ಕೊನೆಯಲ್ಲಿ ಒಂದು ಸಾಲು ಅಡ್ಡ ಬಂತು. ಈ ಬಾರಿ ತೇವದ ಗಾಳಿ ಬೇಗ, ಜುಲೈ ಮೊದಲ ವಾರದಲ್ಲೇ ಬರುವ ಸಾಧ್ಯತೆ ಇದೆ.

ಆ ಸಾಲನ್ನು ಅವನು ಬರೆದ. ನೋಡಿದ. ಅಳಿಸಿದ. ‘ಸಾಧ್ಯತೆ ಅಂತ ತಾನೆ ಇರುವುದು, ಖಂಡಿತ ಅಂತ ಇಲ್ಲವಲ್ಲ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ತಣ್ಣಗಿನ ಕೋಣೆಯಲ್ಲಿ ಕೂತವನಿಗೆ ಇಂಥ ಔದಾರ್ಯ ಬಹಳ ಸುಲಭ. ಫಾಝಿಲ್ ಪುಟ ಓದಿ, ‘ಒಳ್ಳೇದಾಯ್ತು’ ಎಂದು ಸಹಿ ಹಾಕಿದರು. ಜೂನ್ ಇಪ್ಪತ್ತೆಂಟರ ಟಿಕೆಟ್ ಆಯಿತು. ಅಂದು ಸಂಜೆ ಹರಿಹರಣ್ಣ ಸೆಗಯಾದ ಹೋಟೆಲಿನಿಂದ ಗೋಳಿಬಜೆ ತಂದು ಎಲ್ಲರಿಗೂ ಹಂಚಿದರು. ನವನೀತನಿಗೆ ಎರಡು ಹೆಚ್ಚು.

ಹೊರಡಲು ನಾಲ್ಕು ದಿನ ಇರುವಾಗ ಹರಿಹರಣ್ಣ ಅರಾದಿನ ಒಂದು ಮನೆಗೆ ಸರ್ವಿಸಿಗೆ ಹೋಗಿದ್ದರು. ಆ ಮನೆಯ ಹುದಾ ಎಂಬ ಅಜ್ಜಿಗೆ ಎಂಬತ್ತರ ಹತ್ತಿರ, ಮೀನುಗಾರರ ಮನೆತನ, ಗಾಳಿಯ ವಿಷಯ ಅವರ ಮೂಗಿಗೆ ಗೊತ್ತು. ಅಲ್ಲಿಂದ ಬಂದವರು ನೇರ ನವನೀತನ ಕೋಣೆಗೆ ಬಂದು, ಬೈರಾಸಿನಿಂದ ಕುತ್ತಿಗೆ ಒರಸಿಕೊಂಡು ನಿಂತರು.

‘ಹುದಾ ಅಜ್ಜಿ ಹೇಳ್ತಾರೆ, ಈ ಸಲ ಕೌಸ್ ಬೇಗ ಅಂತೆ. ಹಗ್ಗದ ಮೇಲೆ ಬಟ್ಟೆ ಒಣಗುದು ತಡ ಆಗ್ತಾ ಉಂಟಂತೆ. ನಿಮ್ಮ ಕಂಪ್ಯೂಟರಿನಲ್ಲಿ ಅದು ಇರ್ಲಿಲ್ವಾ?’

ಸುಳ್ಳು ಹೇಳಲು ನವನೀತನಿಗೆ ನಾಲ್ಕು ಭಾಷೆ ಬರುತ್ತಿತ್ತು. ಆ ಹೊತ್ತಿಗೆ ಒಂದೂ ಒದಗಲಿಲ್ಲ.

‘ಇತ್ತು’ ಎಂದ. ‘ನಾನು ತೆಗೆದೆ.’

ಹರಿಹರಣ್ಣ ಬೈಯಲಿಲ್ಲ. ಕುರ್ಚಿ ಎಳೆದು ಕೂತರು. ಏಸಿಯ ಸದ್ದಿಗೆ ಕಿವಿಗೊಟ್ಟು, ‘ಇದರ ಫಿಲ್ಟರ್ ತೊಳೀಲಿಲ್ಲ ನೀವು’ ಎಂದರು. ಆಮೇಲೆ, ‘ನಾನು ಹೋದ್ರೆ ನನ್ನ ಜೋಡಿಯ ದಾಸಪ್ಪ ಛಾವಣಿ ಮೇಲೆ ಒಬ್ಬನೇ ಆಗ್ತಾನೆ. ಕೌಸ್ ಬಂದ ಮೇಲೆ ಒಬ್ಬನಿಂದ ಆಗುದಿಲ್ಲ. ಬಿದ್ದುಗಿದ್ದು ಹೋದ್ರೆ? ಬೇಡ ನವನೀತ್. ಟಿಕೆಟ್ ಕ್ಯಾನ್ಸಲ್ ಮಾಡಿ.’

‘ಹರಿಹರಣ್ಣ…’

‘ಇಷ್ಟು ವರ್ಷ ಸೋರಿದ್ದಲ್ವಾ? ಇನ್ನೊಂದು ವರ್ಷ ಸೋರ್ಲಿ.’

ಎದ್ದು ಹೋದರು. ಹೋಗುವಾಗ ಫಿಲ್ಟರನ್ನು ತಾವೇ ಕಳಚಿ ತೊಳೆಯಲು ತೆಗೆದುಕೊಂಡು ಹೋದರು. ಅದೇ ನವನೀತನಿಗೆ ತಡೆಯಲಾಗದ್ದು. ಬೈದಿದ್ದರೆ ಅವನು ಬೈಸಿಕೊಂಡು ಹಗುರಾಗುತ್ತಿದ್ದ.

ಅರ್ಧ ಗಂಟೆಯ ನಂತರ ಅವನು ಫಾಝಿಲ್ ಎದುರು ನಿಂತಿದ್ದ. ಅಳಿಸಿದ ಸಾಲನ್ನು ಬಾಯಿಪಾಠ ಒಪ್ಪಿಸಿದ. ಫಾಝಿಲ್ ಮುಖ ಕೆಂಪಗಾಯಿತು.

‘ನಿನಗೆ ತಲೆ ಉಂಟಾ? ಆ ಕಾಗದ ನೋಡಿ ನಾನು ಧಣಿಗೆ ಮಾತು ಕೊಟ್ಟಿದ್ದೇನೆ!’

‘ತಪ್ಪು ನನ್ನದು, ಫಾಝಿಲ್ ಭಾಯ್. ಆದರೆ ಹರಿಹರಣ್ಣ ಹೋಗ್ಲಿ. ಆ ಹದಿನೈದು ದಿನ ದಾಸಪ್ಪಣ್ಣನ ಜೊತೆ ನಾನು ಹೋಗ್ತೇನೆ.’

‘ಎಲ್ಲಿಗೆ?’

‘ಛಾವಣಿಗೆ.’

ಫಾಝಿಲ್ ಕೋಪ ಮರೆತು ನಕ್ಕುಬಿಟ್ಟರು. ‘ನೀನಾ? ಮೊನ್ನೆ ಸ್ಟೂಲ್ ಹತ್ತಿ ಟ್ಯೂಬ್‌ಲೈಟ್ ಹಾಕ್ಲಿಕ್ಕೆ ಸೆಕ್ಯುರಿಟಿಯವನನ್ನು ಕರೆದವ ನೀನಲ್ವಾ?’ ನಗು ನಿಂತ ಮೇಲೆ ಪೆನ್ನನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿದರು. ‘ಬ್ಯಾಗ್ ಹೊರು. ಪೈಪ್ ಹಿಡಿ. ಮೆಷಿನ್ ಮುಟ್ಟಬೇಡ. ಫೋನ್ ನಾನು ನೋಡ್ತೇನೆ. ಮತ್ತೆ ಇನ್ನು ಮುಂದೆ ನಿನ್ನ ಮುನ್ನೋಟದಲ್ಲಿ ಒಂದು ಸಾಲು ಕಡಿಮೆಯಾದ್ರೆ, ಆ ಸರ್ವರ್ ಪಕ್ಕದಿಂದ ಎಬ್ಬಿಸಿ ಗೋಡೌನಿನಲ್ಲಿ ಕೂರಿಸ್ತೇನೆ.’

ದಾಸಪ್ಪ ಚಳ್ಳಕೆರೆ ಕಡೆಯವನು, ನಾಲಿಗೆ ಸ್ವಲ್ಪ ಉದ್ದ. ಸುದ್ದಿ ಕೇಳಿ, ‘ಆಹಾ, ಆಫೀಸ್ ಸಾರ್ ನನ್ ಹೆಲ್ಪರ್ರು! ಅಣ್ಣ, ನೀವು ಹೋಗ್ಬನ್ನಿ. ಇವ್ರನ್ನ ಹುರಿದು ಇಟ್ಟಿರ್ತೀನಿ’ ಎಂದ. ಹರಿಹರಣ್ಣ ನವನೀತನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಿಸೆಯಿಂದ ನೆಲ್ಲಿಕಾಯಿಯ ಪೊಟ್ಟಣ ತೆಗೆದು ಅವನ ಕೈಯಲ್ಲಿಟ್ಟರು. ‘ತಲೆ ತಿರುಗಿದ್ರೆ ಬಾಯಿಗೆ ಹಾಕಿ. ಹಟ ಮಾಡ್ಬೇಡಿ, ಕೂತುಬಿಡಿ.’

ಹರಿಹರಣ್ಣ ಊರು ಸೇರಿದ ಐದನೇ ದಿನ ಇಲ್ಲಿ ಕೌಸ್ ಬಂತು. ವ್ಯಾನಿನಿಂದ ಇಳಿದ ಕ್ಷಣ ನವನೀತನ ಕನ್ನಡಕ ಮಂಜಾಗಿ ಲೋಕವೇ ಕಾಣದಾಯಿತು. ಅಂಗಿ ಮೈಗೆ ಅಂಟಿತು, ಬೆವರು ಹರಿಯುತ್ತಿತ್ತೇ ಹೊರತು ಆರುತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲವಾದ್ದರಿಂದ ಬೆಳಗ್ಗೆ ಐದಕ್ಕೇ ಹೊರಡಬೇಕು. ಮೊದಲನೇ ದಿನ ಏಣಿಯ ಆರನೇ ಮೆಟ್ಟಿಲಿನಿಂದ ಮುಂದೆ ಅವನನ್ನು ದಾಸಪ್ಪ ಕೈ ಹಿಡಿದು ಹತ್ತಿಸಬೇಕಾಯಿತು. ಎರಡನೇ ದಿನ ಕಟ್ಟಿದ ಡ್ರೈನ್ ಪೈಪನ್ನು ಉತ್ಸಾಹದಿಂದ ಊದಿ, ವರ್ಷದ ಕೊಳೆಯನ್ನು ತನ್ನ ಮುಖಕ್ಕೇ ತಂದುಕೊಂಡ.

‘ಸಾರ್, ಊದೋದಲ್ಲ, ಎಳೆಯೋದು!’ ದಾಸಪ್ಪ ಬಿದ್ದು ಬಿದ್ದು ನಕ್ಕ. ‘ಆದಷ್ಟು ಬೇಗ ಮುಖ ತೊಳ್ಕೊಳ್ಳಿ.’

ಮೂರು ವರ್ಷ ತಾನು ಜನರನ್ನು ಎಲ್ಲಿಗೆ ‘ಆದಷ್ಟು ಬೇಗ’ ಕಳಿಸುತ್ತಿದ್ದೆ ಎಂಬುದು ನವನೀತನಿಗೆ ಅಂದು ಮೂಗಿನ ಮೂಲಕ ಅರ್ಥವಾಯಿತು.

ಇತ್ತ ಇಷ್ಟೆಲ್ಲ ನೀರು ಸುರಿಯುತ್ತಿದ್ದರೆ, ಅತ್ತ ಹೆಜಮಾಡಿಯಲ್ಲಿ ಒಂದು ಹನಿ ಇಲ್ಲ. ಜೂನಿನುದ್ದಕ್ಕೂ ಬಡಿದ ಮಳೆ ಹರಿಹರಣ್ಣನ ವಿಮಾನ ಇಳಿದ ದಿನವೇ ನಿಂತಿತ್ತು. ಆಕಾಶ ತೊಳೆದ ಬಟ್ಟಲ ಹಾಗೆ ನೀಲಿ. ಪ್ರತಿ ಮಧ್ಯಾಹ್ನ ಬಿಡುವಿನಲ್ಲಿ ವಿಡಿಯೋ ಕಾಲ್ ಬರುತ್ತಿತ್ತು. ಖುಷಿ ಫೋನ್ ಹಿಡಿಯುವಳು. ಕಪಾಟಿನ ಪಕ್ಕ ಕುರ್ಚಿ ಹಾಕಿಕೊಂಡು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಗುರುತು ಹಾಕಲು ಸೀಮೆಸುಣ್ಣ, ಹರಿಹರಣ್ಣ ಮೇಲೆ ನೋಡುತ್ತ ಕೂತಿರುವರು.

‘ನವನೀತಣ್ಣ, ಅಪ್ಪ ನಾಲ್ಕು ದಿನದಿಂದ ಹೀಗೇ ಕೂತಿದ್ದಾರೆ. ಅಮ್ಮ ಊಟ ಅಲ್ಲಿಗೇ ಕೊಡ್ತಾ ಇದ್ದಾರೆ’ ಎಂದು ಖುಷಿ ನಕ್ಕಳು.

‘ನಿಮ್ಮ ಕಂಪ್ಯೂಟರ್ ಎಂಥ ಹೇಳ್ತದೆ?’ ಹಿಂದಿನಿಂದ ಚಂದ್ರಾವತಿಯ ಧ್ವನಿ. ‘ಇವರು ಮಳೆಗೆ ಅಂತ ಬಂದ್ರು, ಮಳೆ ಇವರಿಗೆ ಹೆದರಿ ಹೋದದ್ದಾ?’

ಇಪ್ಪತ್ತೇಳು ವರ್ಷ ದುಡಿದು ಪಡೆದ ಹದಿನೈದು ದಿನಗಳಲ್ಲಿ ಒಂಬತ್ತು ಹೀಗೇ ಕಳೆದವು. ನವನೀತ ಬಹರೈನಿನ ಹವಾಮಾನ ನೋಡುವುದನ್ನೇ ಬಿಟ್ಟ. ಏಣಿ ಹಿಡಿದು ನಿಂತಾಗಲೂ ಮೊಬೈಲಿನಲ್ಲಿ ಅರಬ್ಬಿ ಕಡಲಿನ ಆಚೆ ಬದಿಯ ಮೋಡಗಳನ್ನೇ ನೋಡುತ್ತಿದ್ದ. ಕಂಡದ್ದನ್ನು ಈಗ ಕಂಡಹಾಗೆಯೇ ಹೇಳುತ್ತಿದ್ದ. ‘ನಾಳೆ ಇಲ್ಲ ಹರಿಹರಣ್ಣ.’ ‘ನಾಡಿದ್ದೂ ಇಲ್ಲ.’ ಒಂದು ದಿನವಾದರೂ ‘ಬರಬಹುದು’ ಎಂದುಬಿಡಲು ನಾಲಿಗೆ ತುರಿಸುತ್ತಿತ್ತು. ಕಚ್ಚಿಕೊಂಡ.

ಹತ್ತನೇ ದಿನ ಅವನೇ ಫೋನ್ ಮಾಡಿದ. ‘ನಾಳೆ ಮಧ್ಯಾಹ್ನದ ಮೇಲೆ. ಪಡುವಣದಿಂದ. ಜೋರಾಗಿ. ಸಾಧ್ಯತೆ ಅಂತ ಬರೆದಿದ್ದಾರೆ, ಖಂಡಿತ ಅಂತ ಇಲ್ಲ.’

‘ಸಾಧ್ಯತೆ ಸಾಕು’ ಎಂದರು ಹರಿಹರಣ್ಣ.

ಮರುದಿನ ಒಂದು ಗಂಟೆಗೆ, ಅರಾದಿನಲ್ಲಿ ಹುದಾ ಅಜ್ಜಿ ಕರೆದು ಕೂರಿಸಿದ ಜಗುಲಿಯಲ್ಲಿ ನವನೀತ, ದಾಸಪ್ಪ ಇಬ್ಬರೂ ತಣ್ಣೀರಿನ ಬಕೆಟಿಗೆ ಕಾಲು ಇಳಿಬಿಟ್ಟು ಮಜ್ಜಿಗೆ ಕುಡಿಯುತ್ತಿದ್ದಾಗ ಫೋನ್ ಬಂತು. ಪರದೆಯಲ್ಲಿ ಏನೂ ಕಾಣಲಿಲ್ಲ, ಬರೇ ಬೂದುಬಣ್ಣ. ಸದ್ದು ಮಾತ್ರ. ಸಾವಿರ ಡ್ರೈನ್ ಪೈಪುಗಳು ಒಮ್ಮೆಗೇ ಬಿಟ್ಟುಕೊಂಡ ಹಾಗೆ. ಅದರ ನಡುವೆ ಚಂದ್ರಾವತಿ ಕೂಗುತ್ತಿದ್ದರು: ‘ಜಾರ್ತದೆ! ಏಣಿ ಜಾರ್ತದೆ ಅಂದೆ! ಈ ಪ್ರಾಯದಲ್ಲಿ ಎಂಥ ಮಂಗಾಟ ಇದು!’ ಖುಷಿಯ ನಗು. ಪರದೆ ಅಲ್ಲಾಡಿ ಒಮ್ಮೆ ಹರಿಹರಣ್ಣ ಕಂಡರು. ಬೈರಾಸು ತಲೆಗೆ ಸುತ್ತಿ, ಹೊರಗೋಡೆಗೆ ಒರಗಿಸಿದ ಏಣಿಯ ಮೇಲೆ, ತೊಯ್ದು ತೊಪ್ಪೆ. ಕೆಳಗೆ ಸೆರಗು ಸೊಂಟಕ್ಕೆ ಬಿಗಿದು, ಎರಡು ಕೈಯಲ್ಲಿ ಏಣಿ ಹಿಡಿದ ಚಂದ್ರಾವತಿ. ಮಡಚಿದ ಕೊಡೆ ಕಂಕುಳಲ್ಲಿತ್ತು, ಬಿಡಿಸಲು ಕೈಗೆ ಬಿಡುವಿರಲಿಲ್ಲ. ಹರಿಹರಣ್ಣ ಗೋಡೆಯ ಕಡೆ ನೋಡುತ್ತಿರಲಿಲ್ಲ. ಏಣಿಯ ಮೇಲಿಂದ ಕೆಳಗೆ, ಹೆಂಡತಿಯನ್ನೇ ನೋಡುತ್ತಿದ್ದರು. ಕಾಲ್ ಕಟ್ಟಾಯಿತು.

‘ಏನಂತೆ?’ ಎಂದು ಹುದಾ ಅಜ್ಜಿ ಹಿಂದಿಯಲ್ಲಿ ಕೇಳಿದರು.

‘ಮಳೆ’ ಎಂದ ನವನೀತ. ಅಜ್ಜಿ ತಾವೇ ತರಿಸಿಕೊಟ್ಟಂತೆ ತಲೆದೂಗಿದರು. ದಾಸಪ್ಪ ಆ ದಿನ ಮತ್ತೆ ತಮಾಷೆ ಮಾಡಲಿಲ್ಲ. ಅವನಿಗೂ ಚಳ್ಳಕೆರೆಯಲ್ಲಿ ಯಾರೋ ಇದ್ದಿರಬೇಕು.

ಹರಿಹರಣ್ಣ ಹೇಳಿದ ದಿನಕ್ಕೆ ವಾಪಸಾದರು. ಬಾಳೆ ಎಲೆಯಲ್ಲಿ ಸುತ್ತಿದ ಪತ್ರೊಡೆ ತಂದಿದ್ದರು. ನವನೀತನ ಸುಟ್ಟ ಮೂಗು, ಗಾಯವಾದ ಬೆರಳುಗಳನ್ನು ಪರೀಕ್ಷಿಸಿ, ‘ಪರವಾಗಿಲ್ಲ, ಬದುಕಿದ್ದೀರಿ’ ಎಂದರು. ಇಬ್ಬರೂ ತಣ್ಣಗಿನ ಕೋಣೆಯಲ್ಲಿ ಕೂತು ಪತ್ರೊಡೆ ಬಿಚ್ಚಿದರು.

‘ಎಲ್ಲಿಂದ ಸೋರ್ತಿತ್ತು ಹರಿಹರಣ್ಣ?’

ಅವರು ಒಂದು ತುಂಡು ಮುಗಿಸಿ, ಬೈರಾಸಿಗೆ ಕೈ ಒರಸಿಕೊಂಡರು.

‘ತಾರಸಿಯಿಂದ ಅಲ್ಲ. ಅವಳಿಗೆ ಎಪ್ರಿಲ್ ಮೇಯಲ್ಲಿ ಸೆಕೆ ಆಗ್ತದೆ ಅಂತ ಹದಿನೈದು ವರ್ಷದ ಹಿಂದೆ ಒಂದು ಏಸಿ ಹಾಕಿದ್ದೆ. ರಜೆಯ ಕೊನೇ ದಿನ, ವಿಮಾನಕ್ಕೆ ಹೊರಡುವ ಗಡಿಬಿಡಿ. ಪೈಪಿಗೆ ಗೋಡೆಯಲ್ಲಿ ತೂತು ಕೊರೆದೆ. ಆ ತೂತು ಹೊರಗೆ ಬಾಗಿರಬೇಕು, ಅಲ್ವಾ? ಇಲ್ಲಿ ಸೇರಿದ ಹೆಲ್ಪರ್‌ಗೆ ಮೊದಲ ದಿನ ನಾನೇ ಕಲಿಸುದು ಅದು. ಅದು ಒಳಗೆ ಬಾಗಿದೆ. ಪಡುಗಾಳಿ ಮಳೆ ಬಡಿದ್ರೆ ನೀರು ಒಳಗೇ ಹರಿದು, ಗೋಡೆಯ ಸಂದಿಯಲ್ಲೇ ಹೋಗಿ ಮೂಲೆಯಲ್ಲಿ ಬೀಳ್ತದೆ. ನಾನೇ ಮಾಡಿದ್ದು ಮಾರಾಯ್ರೆ. ಹದಿನಾಲ್ಕು ತೇಪೆ ಹಾಕಿದ್ದು ಮೇಲೆ.’

ನವನೀತ ನಗು ತಡೆಯಲು ಪತ್ರೊಡೆ ಬಾಯಿಗೆ ತುರುಕಿಕೊಂಡ. ಹರಿಹರಣ್ಣನೇ ನಕ್ಕರು. ಆಮೇಲೆ ಧ್ವನಿ ತಗ್ಗಿಸಿದರು.

‘ಅವಳಿಗೆ ಗೊತ್ತಿತ್ತು.’

‘ಏನು?’

‘ಮೂರನೇ ವರ್ಷವೇ ಗೊತ್ತಾಗಿತ್ತಂತೆ. ಆ ತೂತಿನಿಂದ ಬರುದನ್ನು ಕಣ್ಣಾರೆ ನೋಡಿದ್ಳಂತೆ. ಹೇಳ್ಲಿಲ್ಲ. ಯಾಕೆ ಅಂತ ಕೇಳಿದೆ. ಹೇಳಿದ್ರೆ ನೀವು ಬರುದು ಬಿಟ್ಟು ಅಲ್ಲಿಂದಲೇ ಫೋನ್ ಮಾಡಿ ಯಾರನ್ನಾದ್ರೂ ಕಳಿಸ್ತಿದ್ರಿ ಅಂದ್ಳು. ಆದಷ್ಟು ಬೇಗ.’

ಸರ್ವರಿನ ಪುಟ್ಟ ಹಸಿರು ದೀಪ ಮಿನುಗುತ್ತಿತ್ತು. ಏಸಿ ತಣ್ಣಗೆ ಊದುತ್ತಿತ್ತು. ಫಿಲ್ಟರ್ ಶುಭ್ರವಾಗಿತ್ತು, ಈ ಸಲ ತೊಳೆದದ್ದು ನವನೀತ.

‘ಮುಚ್ಚಿದ್ರಾ?’ ಎಂದು ಕೇಳಿದ.

‘ಮುಚ್ಚಿದೆ. ಸರಿಯಾಗಿ, ಹೊರಗೆ ಬಾಗಿಸಿ. ಇನ್ನು ಸೋರುದಿಲ್ಲ.’ ಹರಿಹರಣ್ಣ ಬಾಳೆ ಎಲೆಯನ್ನು ನಾಲ್ಕು ಮಡಿಕೆ ಮಾಡಿದರು, ಬಿಡಿಸಿದರು, ಮತ್ತೆ ಮಡಚಿದರು. ‘ಮುಂದಿನ ವರ್ಷದ ರಜೆಯ ಅರ್ಜಿ ಈಗಲೇ ಕೊಡ್ಲಿಕ್ಕಾಗ್ತದಾ?’

ನವನೀತ ಕಂಪ್ಯೂಟರಿನಲ್ಲಿ ಅರ್ಜಿ ತೆರೆದ. ಹೆಸರು, ಸಿ.ಪಿ.ಆರ್. ಗುರುತುಚೀಟಿಯ ನಂಬರು, ಜೂನ್ ಇಪ್ಪತ್ತೆಂಟರಿಂದ ಹದಿನೈದು ದಿನ. ಬದಲಿ ವ್ಯವಸ್ಥೆ ಎಂಬ ಜಾಗದಲ್ಲಿ ತನ್ನದೇ ಹೆಸರು ಬರೆದ. ಕೊನೆಯ ಖಾನೆಯಲ್ಲಿ ಬೆರಳು ನಿಂತಿತು.

‘ಕಾರಣ ಏನು ಹಾಕ್ಲಿ ಹರಿಹರಣ್ಣ? ಸೋರಿಕೆ ಈಗ ಇಲ್ವಲ್ಲ.’

ಹರಿಹರಣ್ಣ ಬೈರಾಸು ಹೆಗಲಿಗೆ ಹಾಕಿಕೊಂಡು ಎದ್ದರು. ಹೊರಗೆ ದಾಸಪ್ಪ ವ್ಯಾನಿನ ಹಾರ್ನ್ ಹೊಡೆಯುತ್ತಿದ್ದ.

‘ಚಂದ್ರಾವತಿ ಅಂತ ಹಾಕಿ’ ಎಂದರು.